ಆರು ನಿಮಿಷ ಮುಂದಿದ್ದ ಗಡಿಯಾರ

ಬೀರಪ್ಪಾ, ಆ ದಿನ ನೀನು ತಡಮಾಡಿರಲಿಲ್ಲ. ಉಮದಿ ಬಸ್ ಸ್ಟ್ಯಾಂಡಿನ ಗಡಿಯಾರ ಆರು ನಿಮಿಷ ಮುಂದಿತ್ತು. ಮುಂದಿಟ್ಟವನು ನಾನು. ಇನ್ನೂ ಸಮಯವಿದೆ ಎಂದು ಗೊತ್ತಿದ್ದೂ ಸೀಟಿ ಊದಿದವನೂ ನಾನೇ.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು.

ಅರವತ್ತರ ದಶಕದಲ್ಲಿ ನಾನು ಅಲ್ಲಿ ಕಂಟ್ರೋಲರ್. ಐದಕ್ಕೆ ಸ್ನಾನ, ಆರಕ್ಕೆ ವಿಭೂತಿ ಧರಿಸಿ ಖಾಕಿ ಅಂಗಿ, ರೇಡಿಯೋದ ಸುದ್ದಿ ಕೇಳಿ ಕೈಗಡಿಯಾರ ಹೊಂದಿಸುವುದು — ಒಂದು ದಿನವೂ ತಪ್ಪಿಸಿದವನಲ್ಲ. ಸೋಮವಾರಕ್ಕೊಮ್ಮೆ ಸ್ಟೂಲು ಹತ್ತಿ ಗೋಡೆಯ ಗಡಿಯಾರಕ್ಕೆ ಕೀಲಿ ಕೊಟ್ಟು, ಸಮಯ ಸರಿಮಾಡಿ, ಆಮೇಲೆ ಮುಳ್ಳನ್ನು ಆರು ನಿಮಿಷ ಮುಂದೆ ತಳ್ಳುತ್ತಿದ್ದೆ. ನಮ್ಮ ಜನ ಚಹಾದಂಗಡಿಯಲ್ಲಿ ಕೂತಿದ್ದು, ಗಾಡಿ ಹೊರಟ ಮೇಲೆ ಧೋತರ ಎತ್ತಿ ಓಡಿ ಬರುವವರು. ಅವರು ಮೊದಲೇ ಸೇರಲಿ, ನನ್ನ ಗಾಡಿಗಳು ತಡವಾದವು ಎಂಬ ಮಾತು ಬಾರದಿರಲಿ ಎಂಬ ಉಪಾಯ ಅದು. ಗಾಡಿ ಬಿಡುವುದು ಮಾತ್ರ ಕೈಗಡಿಯಾರ ನೋಡಿ, ಸರಿಯಾದ ಸಮಯಕ್ಕೆ. ಹಾಗಾಗಿ ಯಾರಿಗೂ ಮೋಸವಿಲ್ಲ ಎಂದುಕೊಂಡಿದ್ದೆ. ಶಾಲೆಯ ಗಂಟೆ ಕೂಡ ಆ ಗಡಿಯಾರ ನೋಡಿಯೇ ಬಾರಿಸುತ್ತಿದ್ದರು. ಇಡೀ ಊರು ಆರು ನಿಮಿಷ ಮುಂದೆ ಬದುಕುತ್ತಿತ್ತು — ಅದು ಗೊತ್ತಿದ್ದದ್ದು ನನಗೊಬ್ಬನಿಗೆ.

ಆ ದಿನ ಒಂಬತ್ತರ ವಿಜಾಪುರದ ಗಾಡಿ ತುಂಬಿ ನಿಂತಿತ್ತು. ಬಂಡಿಯನ್ನು ತಮ್ಮನ ಕೈಗೆ ಕೊಟ್ಟು, ಬಾಲಗಾಂವದ ಹಾದಿಯಿಂದ ನೀನು ಓಡಿ ಬಂದೆ.

“ಐದ ಮಿನಿಟ ನಿಂದ್ರಸ್ರಿ ಸಾಹೇಬ್ರ! ನನ್ನ ಹೇಣ್ತಿ ಲಕ್ಕವ್ವ ನಿನ್ನಿಯಿಂದ ಹೆರಿಗಿ ಬ್ಯಾನಿ ತಿನ್ನಾಕತ್ಯಾಳ. ವಿಜಾಪುರದ ದವಾಖಾನಿಗಿ ಒಯ್ಯಬೇಕ್ರಿ, ಬಂಡಿ ಹಳ್ಳಾ ದಾಟೈತ್ರಿ.”

“ಗಾಡಿ ಟೈಮಿಗಿ ಬಿಡತೈತಿ.”

“ಗಾಡಿ ಏನ್ ನಿಮ್ಮಪ್ಪಂದೇನ್ರಿ? ಐದ ಮಿನಿಟಿಗಿ ಸವದ ಹೊಕ್ಕೈತೇನು?”

ಕಿಟಕಿಗಳಲ್ಲಿ ಕೂತವರೆಲ್ಲ ನಕ್ಕರು. ನಾನು ಕೈಗಡಿಯಾರ ನೋಡಿದೆ — ನೋಡಿ, ತೋಳಿನ ಗುಂಡಿ ಹಾಕಿಕೊಂಡೆ. ಗೋಡೆಯ ಕಡೆ ಬೆರಳು ತೋರಿಸಿದೆ. “ಒಂಬತ್ತಾತು ನೋಡು,” ಎಂದೆ. ನಿನಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೂ ತಲೆಯೆತ್ತಿ ನೋಡಿದೆ, ನಂಬಿದೆ.

ನಾನು ಸೀಟಿ ಊದಿದೆ.

ಗಾಡಿಯ ಧೂಳು ಇಳಿಯುವ ಮೊದಲೇ ನಿನ್ನ ಬಂಡಿ ಬಂತು. ಮುಂದಿನ ಗಾಡಿ ಮಧ್ಯಾಹ್ನ ಒಂದು ಗಂಟೆಗೆ. ಬೇವಿನ ಕೆಳಗೆ ಹೆಂಗಸರು ಸೀರೆ ಅಡ್ಡ ಹಿಡಿದರು. ನಾನು ಕಚೇರಿಯಿಂದ ಒಂದು ಕೊಡ ನೀರು ಕಳಿಸಿದೆ. ಹೊರಗೆ ಬರಲಿಲ್ಲ. ಒಂದು ಗಂಟೆಯ ಗಾಡಿ ಬರುವ ಮೊದಲೇ ಲಕ್ಕವ್ವ ಹೋದಳು, ಕೂಸೂ ಹೋಯಿತು.

ಮುಂದಿನ ಸೋಮವಾರ ಸ್ಟೂಲು ಹತ್ತಿ ಗಡಿಯಾರವನ್ನು ಸರಿಯಾದ ಸಮಯಕ್ಕೆ ತಂದೆ. ಯಾರೂ ಗಮನಿಸಲಿಲ್ಲ. ದಿನಕರ್ಮ ಮುಗಿಸಿ ನೀನು ತಲೆ ಬೋಳಿಸಿಕೊಂಡು ನನ್ನ ಬಾಗಿಲಿಗೆ ಬಂದೆ. “ತಪ್ಪಾತ್ರಿ ಸಾಹೇಬ್ರ. ಅವತ್ತ ಬಾಯಿಗಿ ಬಂದಂಗ ಅಂದಬಿಟ್ಟೆ,” ಎಂದೆ. ನಾನು — “ಇರಲಿ ಬಿಡು,” ಎಂದೆ. ಕ್ಷಮಿಸಿದೆ, ಬೀರಪ್ಪಾ. ನಿನ್ನನ್ನು ನಾನು ಕ್ಷಮಿಸಿದೆ!

ಎಂಬತ್ತರ ದಶಕದ ಕೊನೆಗೆ ನನ್ನ ತಂಗಿಯ ಮಗನ ಮದುವೆಗೆಂದು ನೀನೂ ನಿನ್ನ ತಮ್ಮನೂ ಸೇರಿ ಹತ್ತು ಜನ ಮುಂಬಯಿಗೆ ಹೋದೆವಲ್ಲ, ಆಗಲಾದರೂ ಹೇಳಬಹುದಿತ್ತು. ಮದುವೆಯ ಮರುದಿನ, ವಾಪಸ್ಸಿನ ರೈಲು ಸಂಜೆಗೆ. ಅಲ್ಲಿಯವರೆಗೆ ಊರು ನೋಡುವ ಪಟ್ಟಿ ಬರೆದವನು ನಾನೇ: ಹತ್ತರಿಂದ ಹನ್ನೊಂದು, ನಗರದ ಹಳೆಯ ಟ್ರಾಮು-ಬಸ್ಸುಗಳ ವಸ್ತುಸಂಗ್ರಹಾಲಯ. ಕುದುರೆ ಎಳೆಯುತ್ತಿದ್ದ ಟ್ರಾಮು, ಕಂಡಕ್ಟರರ ಗಂಟೆ, ಟಿಕೇಟಿಗೆ ತೂತು ಹಾಕುವ ಚಿಮಟಿಗೆ — ಎಲ್ಲವನ್ನೂ ಮಾಸ್ತರನ ಹಾಗೆ ವಿವರಿಸುತ್ತ ಮುಂದೆ ನಡೆದಿದ್ದೆ. ಹಿಂದಿನಿಂದ ನಿನ್ನ ದನಿ ಬಂತು.

“ಸಾಹೇಬ್ರ, ನಿಮ್ಮ ಸ್ಟ್ಯಾಂಡಿನ ಗಡಿಯಾರ! ಇಲ್ಲಿ ಬಂದ ಕುಂತೈತಿ ನೋಡ್ರಿ.”

“ಟಿಕೇಟ ತಗಸಿ ಬಂದೈತೇನ ಕೇಳೋ,” ಎಂದು ಯಾರೋ ನಕ್ಕರು.

ಅಂಥದೇ ಇನ್ನೊಂದು — ಅದೇ ದುಂಡು ಮುಖ, ಅದೇ ಹಿತ್ತಾಳೆಯ ಲೋಲಕ. ನೀನು ನಗಲಿಲ್ಲ. ರುಮಾಲು ತೆಗೆದು, ಗಾಜಿನೊಳಗಿನ ಆ ಗಡಿಯಾರಕ್ಕೆ ಕೈಮುಗಿದೆ.

“ಇದರದೇನ ತಪ್ಪಿಲ್ರಿ. ಹಳ್ಳದಾಗ ಎತ್ತಿಗಿ ನೀರ ಕುಡಸಾಕ ನಿಂತೆ ನೋಡ್ರಿ, ಅಲ್ಲೇ ಹೊತ್ತ ಹೋತು. ಅಷ್ಟ ನಿಂದ್ರದಿದ್ರ ಆಕಿ ಉಳೀತಿದ್ಲು.”

ಅಂದಿನಿಂದ ಆ ಹಳ್ಳದಲ್ಲಿ ನೀನು ಎತ್ತುಗಳನ್ನು ನಿಲ್ಲಿಸುವುದಿಲ್ಲವೆಂದು, ಎಂಥ ಬಿಸಿಲಿದ್ದರೂ ಹೊಡೆದುಕೊಂಡು ದಾಟುತ್ತೀಯೆಂದು ನಿನ್ನ ತಮ್ಮ ಅಲ್ಲಿಯೇ ಹೇಳಿದ. ನಾನು ಕೈಗಡಿಯಾರ ನೋಡಿಕೊಂಡೆ. ಬಾಯಿಂದ ಬಂದ ಮಾತು ಇದು:

“ಲಗೂನ ನಡೀರಿ, ಹನ್ನೊಂದಾತು.”

ಹನ್ನೊಂದಾಗಿರಲಿಲ್ಲ. ಅಂದು ಒಂಬತ್ತೂ ಆಗಿರಲಿಲ್ಲ.

ಹೆದರಿಕೆಯೇ? ನೌಕರಿಯೇ? ಪಿಂಚಣಿ ಬಂದ ಮೇಲೂ ಬಾಯಿ ಬಿಡಲಿಲ್ಲವಲ್ಲ... ಕಾರಣ ಹುಡುಕುವುದನ್ನು ಬಿಟ್ಟಿದ್ದೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಬೇರೆ ಯಾರೋ ನಿನಗೆ ಓದಿ ಹೇಳಬೇಕಾಗುತ್ತದೆ, ನಾನು ಮತ್ತೆ ಕಚೇರಿಯೊಳಗೇ ಕೂತ ಹಾಗಾಗುತ್ತದೆ. ನಾಳೆ ಮೊದಲ ಗಾಡಿಗೆ ಬಾಲಗಾಂವಕ್ಕೆ ಬಂದು, ನಿನ್ನ ಕಟ್ಟೆಯ ಕೆಳಗೆ ನಿಂತು ನಾನೇ ಓದುತ್ತೇನೆ. ಕೂಡ್ರು ಎನ್ನಬೇಡ.

ಎತ್ತುಗಳು ಬಾಯಾರಿದ್ದವು, ನೀನು ನೀರು ಕುಡಿಸಿದೆ. ಅಷ್ಟೇ. ನಿನ್ನ ಬಂಡಿ ಬೇವಿನ ಕೆಳಗೆ ಬಂದು ನಿಂತಾಗ ತೋಳು ಸರಿಸಿ ಇನ್ನೊಮ್ಮೆ ನೋಡಿದ್ದೆ, ಬೀರಪ್ಪಾ — ಒಂಬತ್ತಕ್ಕೆ ಇನ್ನೂ ಎರಡು ನಿಮಿಷ ಇತ್ತು.