ನನ್ನ ಸೂಟ್‌ಕೇಸಿನ ಕಬ್ಬಿಣ

ಪುಣೆಯಲ್ಲಿದ್ದ ತಂಗಿಯ ಬಾಣಂತನಕ್ಕೆ ನಾನೇ ಹೋಗಬೇಕಾಯಿತು. ಅಮ್ಮನಿಗೆ ಮಂಡಿನೋವು, ಉದ್ದನಪಲ್ಲಿಯಿಂದ ಹೊಸೂರಿಗೆ ಬರುವುದೇ ಅವಳಿಗೆ ಕಷ್ಟ. ಹೊಸೂರಿನ ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನಗೆ ಹೇಗೋ ಒಂದು ತಿಂಗಳ ರಜೆ ಸಿಕ್ಕಿತು. ಟಿಕೆಟ್ ತೆಗೆದದ್ದು ನನ್ನ ಗಂಡ. ಎರಡು ತಿಂಗಳು ಮೊದಲೇ ಬ್ರೌಸಿಂಗ್ ಸೆಂಟರಿನಲ್ಲಿ ಮೂರು ಸಂಜೆ ಕೂತು, ವಾರದ ಯಾವ ದಿನ ಅಗ್ಗವೆಂದು ಹುಡುಕಿ, ರೈಲಿನ ಎ.ಸಿ. ಡಬ್ಬಿಯ ದರಕ್ಕೇ ವಿಮಾನ ಹಿಡಿದಿದ್ದರು. ತಮ್ಮ ಕಾರ್ಖಾನೆಯಲ್ಲಿ ಅದನ್ನು ಎಲ್ಲರಿಗೂ ಹೇಳಿಕೊಂಡು ಬಂದರು. ನನಗೂ ಹೆಮ್ಮೆಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ತೂಕ ಇಪ್ಪತ್ತು ಕೇಜಿ ಮೀರಿದರೆ ಕೇಜಿಗಿಷ್ಟು ಎಂದು ದುಡ್ಡು ಕಟ್ಟಬೇಕಿತ್ತು. ಹೊರಡುವ ಹಿಂದಿನ ದಿನ ಅವರು ನನ್ನ ಸೂಟ್‌ಕೇಸನ್ನು ಬೀದಿ ಕೊನೆಯ ಹಳೇ ಪೇಪರ್ ಅಂಗಡಿಗೆ ಹೊತ್ತುಕೊಂಡು ಹೋಗಿ ತೂಕ ಹಾಕಿಸಿದರು. ಬಂದವರೇ, ಜಾಸ್ತಿಯಾಗಿದೆ ಎಂದು ಒಂದೊಂದೇ ತೆಗೆಯತೊಡಗಿದರು. ಅಮ್ಮ ಬೀಸಿಸಿ, ಜರಡಿ ಹಿಡಿದು ಕಳಿಸಿದ್ದ ರಾಗಿ ಹಿಟ್ಟು ಹೊರಗೆ ಬಂತು. ಮಗುವಿಗೆ ಹಾಸಲೆಂದು ಒಗೆದು ಮಡಚಿಟ್ಟಿದ್ದ ಹತ್ತಿ ಸೀರೆಗಳಲ್ಲಿ ಎರಡು ಬಂದವು. ಅಂಟಿನುಂಡೆಯ ಡಬ್ಬಿಗೆ ಕೈ ಹಾಕಿದಾಗ ಮಾತ್ರ ನಾನು ಬಿಡಲಿಲ್ಲ. ರಾಗಿ ಪುಣೆಯಲ್ಲೂ ಸಿಗುತ್ತದೆ ಎಂದರು. ಅಮ್ಮನಿಗೆ ಏನು ಹೇಳಲಿ ಎಂದೆ. ಆದರೂ, ದುಡ್ಡು ಉಳಿಸಲಿಕ್ಕಲ್ಲವೇ ಎಂದು ಹಿಟ್ಟನ್ನು ಅಡುಗೆಮನೆಗೆ ಒಯ್ದೆ. ನಾನು ಅಡುಗೆಮನೆಯಲ್ಲಿದ್ದಾಗ ಅವರೇ ಮುಚ್ಚಿ, ಬೀಗ ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟರು.

ಆಗಿನ್ನೂ ಬೆಂಗಳೂರಿನ ವಿಮಾನ ನಿಲ್ದಾಣ ಹಳೇ ಜಾಗದಲ್ಲೇ ಇತ್ತು. ಎರಡು ಬಸ್ಸು ಬದಲಿಸಿ ನನ್ನನ್ನು ಬಾಗಿಲವರೆಗೆ ಬಿಟ್ಟು, ಸೆಕೆಂಡ್ ಶಿಫ್ಟಿಗೆ ಹೊತ್ತಾಯಿತೆಂದು ಅವರು ಹೊರಟರು. ಒಳಗೆ ಸಾಮಾನು ತಪಾಸಣೆಯ ಯಂತ್ರದಿಂದ ಹೊರಬಂದ ನನ್ನ ಸೂಟ್‌ಕೇಸನ್ನು ಅಲ್ಲಿದ್ದ ಹುಡುಗಿ ಪಕ್ಕಕ್ಕೆಳೆದಳು.

"ಇದನ್ನ ನೀವೇ ಪ್ಯಾಕ್ ಮಾಡಿದ್ದಾ?"

ಹೌದು ಎಂದೆ.

"ಅಡಿಯಲ್ಲಿ ಕಬ್ಬಿಣದ್ದು ಏನೋ ಇದೆ. ಏನದು?"

ಏನೂ ಇಲ್ಲ ಎಂದೆ. ಬೀಗ ತೆಗೆಸಿದರು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ ನನ್ನ ಒಳಬಟ್ಟೆಗಳನ್ನೆಲ್ಲ ಎತ್ತಿ ಮೇಜಿನ ಮೇಲಿಟ್ಟರು. ತಳದಲ್ಲಿ ಗಂಡನ ಹಳೇ ಬನಿಯನ್ನಿನಲ್ಲಿ ಸುತ್ತಿದ ಉಕ್ಕಿನ ಗಟ್ಟಿಯೊಂದಿತ್ತು. ಕಾರ್ಖಾನೆಯಲ್ಲಿ ತಗಡು ಒತ್ತುವ ಅಚ್ಚು, ಡೈ ಅನ್ನುತ್ತಾರೆ. ಯಾರದ್ದು, ಯಾರಿಗೆ, ಏತಕ್ಕೆ ಎಂದು ಪೊಲೀಸಿನವನು ಹಿಂದಿಯಲ್ಲಿ ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಕಳ್ಳಿಯ ಹಾಗೆ ಕುರ್ಚಿಯಲ್ಲಿ ಕೂರಿಸಿದರು. ಬನಿಯನ್ನಿನೊಳಗೊಂದು ಚೀಟಿ ಸಿಕ್ಕಿತು. ಅದರಲ್ಲಿ ಗಂಡನ ಹಳೆಯ ಸಹೋದ್ಯೋಗಿಯೊಬ್ಬನ ಹೆಸರು, ಪುಣೆಯ ವಿಳಾಸ. ಆಗ ಅರ್ಥವಾಯಿತು. ಕೊರಿಯರ್ ಖರ್ಚು ಉಳಿಸಲು ಅಮ್ಮನ ಹಿಟ್ಟು ತೆಗೆದು ಅಲ್ಲಿ ಈ ಕಬ್ಬಿಣ ಇಟ್ಟಿದ್ದರು.

ಇದು ಏನೆಂದು ಬರೆದುಕೊಟ್ಟರೆ ತೆಗೆದುಕೊಂಡು ಹೋಗಬಹುದು ಎಂದಳು ಹುಡುಗಿ. ನಾನು ಕಾಗದ ತೆಗೆದುಕೊಂಡು, ಇದು ನನ್ನದಲ್ಲ, ನನ್ನ ಯಜಮಾನರು ಬಂದು ಬಿಡಿಸಿಕೊಳ್ಳುತ್ತಾರೆ ಎಂದು ಬರೆದು, ಅವರ ಹೆಸರು ಹಾಕಿ ಕೊಟ್ಟೆ. ವಿಮಾನ ಮೇಲೇರುವಾಗ ಹೆದರಬೇಕಿತ್ತು. ಸಿಟ್ಟಿನಲ್ಲಿ ಅದೂ ಮರೆತುಹೋಯಿತು.

ಮೂರನೆಯ ದಿನ ಆ ಸಹೋದ್ಯೋಗಿ ಡೈ ಒಯ್ಯಲು ತಂಗಿಯ ಮನೆಗೆ ಬಂದ. ಕಾಫಿ ಕೊಟ್ಟು, ನಿಮ್ಮ ವಸ್ತು ಬೆಂಗಳೂರಿನಲ್ಲಿ ಪೊಲೀಸರ ಹತ್ತಿರ ಇದೆ ಎಂದೆ. ಪಾಪ, ಅವನಿಗೇ ನಾಚಿಕೆಯಾಯಿತು. ನನಗೆ ಹೇಳಿಯೇ ಕಳಿಸುತ್ತಾರೆಂದು ಅವನು ನಂಬಿದ್ದನಂತೆ.

ತಿಂಗಳು ಕಳೆದು ನಾನು ಮನೆಗೆ ಬರುವಷ್ಟರಲ್ಲಿ ಗಂಡ ಎರಡು ಸಲ ರಜೆ ಹಾಕಿ, ಕಾರ್ಖಾನೆಯಿಂದ ಪತ್ರ ಬರೆಸಿಕೊಂಡು ಹೋಗಿ ಅದನ್ನು ಬಿಡಿಸಿಕೊಂಡು ಬಂದಿದ್ದರು. ನಾನು ಬಂದ ಮೂರನೆಯ ದಿನ ಊಟಕ್ಕೆ ಕೂತಾಗ ಕೇಳಿದರು:

"ನಿಂಗೆ ಮೊದ್ಲೇ ಯೋಳಿದ್ರೆ ಎತ್ಕೊಂಡೋಗ್ತಿದ್ಯಾ?"

"ಕೇಳಿದ್ರೆ ಎತ್ಕೊಂಡೋಗ್ತಿದ್ದೆ. ನೀವು ಕೇಳ್ಲಿಲ್ಲ."

ಅವರು ತಲೆ ತಗ್ಗಿಸಿ ಅನ್ನ ಕಲೆಸಿದರು. ತಪ್ಪಾಯಿತು ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ.