ದೇಸಾಯರ ವಾಡೆಯ ಬಾಗಿಲು

ರಾಣೆಬೆನ್ನೂರಿನಲ್ಲಿ ಕೆಡವಿದ ಮನೆಗಳ ಬಾಗಿಲು, ಕಿಟಕಿ, ತೊಲೆ ಮಾರುವವರೊಬ್ಬರಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಮನೆ ಕಟ್ಟಿಸುವಾಗ ಅಪ್ಪನೊಂದಿಗೆ ಅವರ ಅಂಗಡಿಗೆ ಹೋಗಿದ್ದೆ. ಗಿರಾಕಿ ಯಾವುದನ್ನು ಮುಟ್ಟಿದರೂ ಅವರು ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, "ಖರೇ ಹೇಳ್ತೇನ್ರಿ, ದೇಸಾಯರ ವಾಡೇದ್ದು" ಎನ್ನುತ್ತಿದ್ದರು. ಅವರನ್ನು ನಂಬಿದರೆ, ಆ ಒಂದು ವಾಡೆಗೆ ಇಡೀ ಊರಿಗಾಗುವಷ್ಟು ಬಾಗಿಲುಗಳಿದ್ದವು.

ಅಪ್ಪ ಒಂದು ಬಾಗಿಲನ್ನು ಮೆಚ್ಚಿ ನಿಂತಾಗ, ಕಿಟಕಿ ಕೊಳ್ಳಲು ಬಂದಿದ್ದ ಅಗಡಿ ಊರಿನ ಅಜ್ಜಿಯೊಬ್ಬಳು ಕೂಗಿದಳು: "ಅಯ್ಯ, ಇದು ನಮ್ಮ ದನದ ಕೊಟಗಿ ಬಾಗಿಲಾ! ನೋಡ್ರಿ, ನಮ್ಮ ಎಮ್ಮಿ ಹಾಯ್ದ ಗುರ್ತು!"

ಅಂಗಡಿಯವರು ಒಂದಿಷ್ಟೂ ನಾಚಲಿಲ್ಲ. ಕೋಡಿನ ಗೀರನ್ನು ಅಕ್ಕರೆಯಿಂದ ಸವರಿ ಅಪ್ಪನತ್ತ ತಿರುಗಿದರು. "ಎಮ್ಮಿ ಹಾಯ್ದರೂ ಮುರದಿಲ್ಲ ನೋಡ್ರಿ ಯಜಮಾನ್ರ. ಇನ್ನ ಕಳ್ಳಗ ಮುರೀತೈತೇನ್ರಿ?"

ಅಪ್ಪ ನಕ್ಕುಬಿಟ್ಟರು. ನಗು ನಿಲ್ಲುವಷ್ಟರಲ್ಲಿ ಬಾಗಿಲು ನಮ್ಮ ಚಕ್ಕಡಿ ಗಾಡಿ ಏರಿತ್ತು.