ಬಾಗಿನ ತಂದ ಅಣ್ಣನ ವೋಟು

ಅಮ್ಮ ತೀರಿಕೊಂಡ ಮೇಲೆ ನನಗೆ ಈ ಪರದೇಶದಲ್ಲಿ ತವರು ಅಂದರೆ ಆನ್ ಆರ್ಬರ್. ಅಲ್ಲಿ ಡಾಕ್ಟರಾಗಿರುವ ಅಣ್ಣ ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ಹಿಡಿದು, ಓಕ್ ಬ್ರೂಕ್ ಹತ್ತಿರದ ನಮ್ಮ ಮನೆಗೆ ಡ್ರೈವ್ ಮಾಡಿಕೊಂಡು ಬರುತ್ತಾನೆ. ಮೊರ, ಬಳೆ, ರವಿಕೆ ಕಣ, ಒಂದನ್ನೂ ಮರೆಯುವುದಿಲ್ಲ. ಅತ್ತಿಗೆ ನೆನಪಿಸಬೇಕಾಗಿಯೂ ಇಲ್ಲ.

ಅಣ್ಣ ಇಲ್ಲಿನ ಪ್ರಜೆ. ನಾವು ಇನ್ನೂ ವೀಸಾದಲ್ಲಿದ್ದೇವೆ. ಗ್ರೀನ್ ಕಾರ್ಡಿನ ಸರದಿ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಕೈಗೂಸಾಗಿ ಬಂದ ಮಗಳಿಗೆ ಈಗ ಹದಿನೇಳು. ಇಪ್ಪತ್ತೊಂದು ತುಂಬಿದರೆ ನಮ್ಮ ವೀಸಾ ಅವಳಿಗೆ ಸಲ್ಲುವುದಿಲ್ಲ. ಹೊರಡು ಅಂದರೆ ಹೊರಡಬೇಕು. ಹಾಗಾಗಿ ಅಧ್ಯಕ್ಷೀಯ ಚುನಾವಣೆ ಬಂತೆಂದರೆ ಎರಡೂ ಪಕ್ಷಗಳ ಪ್ರಣಾಳಿಕೆ ಹಿಡಿದು ಕೂರುತ್ತೇನೆ. ಪ್ರಣಾಳಿಕೆಗಳಲ್ಲಿ ಈಗ ಮಧ್ಯದ ಮಾತೇ ಇಲ್ಲ. ಲೆಮಾಂಟ್ ದೇವಸ್ಥಾನದ ಊಟದ ಹಾಲ್‌ನಲ್ಲೂ ಈ ಪಕ್ಷದವರದು ಒಂದು ಮೇಜು, ಆ ಪಕ್ಷದವರದು ಇನ್ನೊಂದು. ಪುಳಿಯೋಗರೆ ಮಾತ್ರ ಒಂದೇ.

ಈ ಸಲದ ಹಬ್ಬಕ್ಕೆ ಬಂದ ಅಣ್ಣನ ಕಾರಿನ ಹಿಂದೆ ಒಂದು ಸ್ಟಿಕರ್. ಹೊರಗಿನವರಿಗೆ ಬಾಗಿಲು ಹಾಕುತ್ತೇನೆಂದು ಸಭೆ ಸಭೆಯಲ್ಲೂ ಗುಡುಗುತ್ತಿದ್ದ ಅಭ್ಯರ್ಥಿಯದು. ನನಗೆ ಮೈಯೆಲ್ಲ ಉರಿಯಿತು.

"ಅಣ್ಣ, ಅವ್ರು ಏನೇನ್ ಬರ್ದಿದಾರೆ ಓದಿದೀಯಾ? ಗ್ರೀನ್ ಕಾರ್ಡೇ ನಿಲ್ಲಿಸ್ತಾರಂತೆ."

"ಅದು ನಿಮ್ಮಂಥೋರಿಗಲ್ಲ ಕಣೆ. ಎಲೆಕ್ಷನ್ ಟೈಮಲ್ಲಿ ಹಂಗೇ ಮಾತಾಡೋದು. ಆ ಕಡೆಯೋರೇನು ಕಮ್ಮೀನಾ?"

"ನಂಗೋಸ್ಕರ ಈ ಸಲ ಇವ್ರಿಗೆ ಹಾಕ್ಬೇಡ ಅಣ್ಣ. ನಂಗಂತೂ ವೋಟಿಲ್ಲ."

ನಾನು ಅವನನ್ನು ಹಾಗೆ ಬೇಡಿದ್ದು ಅದೇ ಮೊದಲು. "ನಿಂಗೇನಾದ್ರೂ ಆದ್ರೆ ನಾನಿದೀನಲ್ಲ?" ಎಂದ.

ಮನಸಾರೆ ಹೇಳಿದ. ಕೆಟ್ಟವನಾಗಿದ್ದರೆ ಜಗಳವಾಡಿ ಕೈತೊಳೆದುಕೊಳ್ಳುತ್ತಿದ್ದೆ. ಇವನ ಜೊತೆ ಅದೂ ಆಗದು.

ಬಾಗಿನ ತೆಗೆದುಕೊಂಡು ನಮಸ್ಕಾರ ಮಾಡಿದೆ. ಆಮೇಲೆ ಮಗಳು ಬಗ್ಗಿ ಅವನ ಕಾಲು ಮುಟ್ಟಿದಳು. ಅವಳ ತಲೆಯ ಮೇಲೆ ಕೈಯಿಟ್ಟು, "ಇಲ್ಲೇ ದೊಡ್ಡ ಡಾಕ್ಟರಾಗಿ ನಮ್ ಕಣ್ಮುಂದೇನೇ ಇರಮ್ಮ," ಎಂದು ಹರಸಿದ.

"ವಿಲ್ ದೇ ಲೆಟ್ ಮಿ, ಮಾಮ?"

ಅಣ್ಣ ನನ್ನ ಕಡೆ ನೋಡಿದ. ನಾನು ಊಟಕ್ಕೆ ಎಲೆ ಹಾಕತೊಡಗಿದೆ.

ನವೆಂಬರಿನಲ್ಲಿ ವೋಟು ಹಾಕಿ ಬಂದವನೇ ಫೋನ್ ಮಾಡಿದ. "ಅವ್ರಿಗೇ ಹಾಕ್ದೆ ಕಣೆ. ನಿಂಗೆ ಸುಳ್ಳು ಹೇಳಲ್ಲ." ಅದೇ ಉಸಿರಿನಲ್ಲಿ, ಬೇಸಿಗೆ ರಜೆಗೆ ಮಗಳನ್ನು ಕಳಿಸು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸುತ್ತೇನೆ ಅಂದ.

"ಆಯ್ತಣ್ಣ," ಅಂದೆ.